ಶಾಖೆಯ ಫೋನು ವಿಪಿಎನ್ ಮೂಲಕವೇ ಬರಲಿ

ಮಾನ್ಯ ಸಂಪಾದಕರೇ,

ಸಹಕಾರ ಸಂಘಗಳು, ಶಾಲೆಗಳು, ಸಣ್ಣ ಆಸ್ಪತ್ರೆಗಳು ದೂರದ ಶಾಖೆಗೆ ಇಂಟರ್‌ನೆಟ್ ಫೋನು ಹಾಕಿಸುವಾಗ, ಕೇಂದ್ರ ಕಚೇರಿಯಲ್ಲಿ ಕರೆಗಳನ್ನು ಜೋಡಿಸುವ ಯಂತ್ರವಾದ ಪಿಬಿಎಕ್ಸ್‌ಗೆ ಕರೆಯ ಸಂದೇಶಗಳು ಬರುವ ಬಾಗಿಲಾದ 5060ನೇ ಪೋರ್ಟನ್ನು ತೆರೆದು ಅದನ್ನು ನೇರವಾಗಿ ಇಂಟರ್‌ನೆಟ್ಟಿಗೆ ಒಡ್ಡಿಬಿಡುವ ಪರಿಪಾಠವನ್ನು, ಇದೇ ಕೆಲಸದಲ್ಲಿರುವ ನಾನು ಅನೇಕ ಕಡೆ ಕಂಡಿದ್ದೇನೆ. ಆ ಪೋರ್ಟನ್ನು ಹುಡುಕುವ ತಂತ್ರಾಂಶಗಳು ಹಗಲಿರುಳೂ ಓಡುತ್ತಿರುತ್ತವೆ. ಎಕ್ಸ್‌ಟೆನ್ಷನ್ ಸಂಖ್ಯೆಯನ್ನೇ ಪಾಸ್‌ವರ್ಡ್ ಆಗಿ ಇಟ್ಟಿದ್ದರಂತೂ ರಾತ್ರೋರಾತ್ರಿ ಸಂಸ್ಥೆಯ ಖರ್ಚಿನಲ್ಲಿ ವಿದೇಶಕ್ಕೆ ಕರೆಗಳು ಹೋಗುತ್ತವೆ.

ಇನ್ನೊಂದು ತೊಂದರೆ ದಿನನಿತ್ಯದ್ದು. ಶಾಖೆಯ ಫೋನು 192.168 ಎಂದು ಆರಂಭವಾಗುವ ತನ್ನ ಒಳವಿಳಾಸವನ್ನೇ ಕರೆಯ ಸಂದೇಶದಲ್ಲಿ ಬರೆದು ಕಳಿಸುವುದರಿಂದ, ಕೇಂದ್ರದಿಂದ ಹೊರಟ ಧ್ವನಿಗೆ ದಾರಿಯೇ ಸಿಗದೆ, ಶಾಖೆಯವರ ಮಾತು ನಮಗೆ ಕೇಳಿದರೂ ನಮ್ಮ ಮಾತು ಅವರಿಗೆ ಕೇಳುವುದಿಲ್ಲ. ಇದನ್ನು ಸರಿಪಡಿಸಲೆಂದೇ ರೂಟರಿನಲ್ಲಿ ಇರುವ ‘ಎಸ್‌ಐಪಿ ಎಎಲ್‌ಜಿ’ ಎಂಬ, ಸಂದೇಶದಲ್ಲಿನ ವಿಳಾಸವನ್ನು ತಿದ್ದುವ ಸೌಲಭ್ಯ ಎಷ್ಟೋ ಸಲ ಇದ್ದುದನ್ನೂ ಕೆಡಿಸುತ್ತದೆ.

ವಿಪಿಎನ್ ಸುರಂಗ, ಅಂದರೆ ಇಂಟರ್‌ನೆಟ್ಟಿನೊಳಗೇ ಎರಡು ಕಚೇರಿಗಳ ನಡುವೆ ಗೂಢಲಿಪಿಯಲ್ಲಿ ಹಾಕಿದ ಖಾಸಗಿ ದಾರಿ, ಈ ಎರಡನ್ನೂ ನಿವಾರಿಸುತ್ತದೆ. ಶಾಖೆಯ ರೂಟರೇ ಕೇಂದ್ರವನ್ನು ಸಂಪರ್ಕಿಸುವುದರಿಂದ ಸ್ಥಿರ ಐಪಿ ವಿಳಾಸ (ಬದಲಾಗದ ಇಂಟರ್‌ನೆಟ್ ವಿಳಾಸ) ಕೇಂದ್ರಕ್ಕೊಂದಿದ್ದರೆ ಸಾಕು. ಆದರೆ ಎಲ್ಲ ಶಾಖೆಗಳಲ್ಲೂ ರೂಟರ್ ಕಂಪನಿ ಕೊಟ್ಟ 192.168.1 ವಿಳಾಸ ಸರಣಿಯನ್ನೇ ಉಳಿಸಿಕೊಂಡರೆ ಯಾವ ಧ್ವನಿ ಯಾವ ಊರಿಗೆ ಹೋಗಬೇಕೆಂಬುದೇ ತಿಳಿಯದಾಗುತ್ತದೆ. ಶಾಖೆಗೊಂದು ಪ್ರತ್ಯೇಕ ಸರಣಿ ಕೊಡಲೇಬೇಕು. ದತ್ತಾಂಶ ಸಾಗಿಸುವ ಎರಡು ವಿಧಾನಗಳಲ್ಲಿ ಸುರಂಗವು ಟಿಸಿಪಿಯಲ್ಲಿರದೆ, ಕಳೆದುಹೋದುದಕ್ಕೆ ಕಾಯದ ಯುಡಿಪಿಯಲ್ಲಿರಬೇಕು. ಟಿಸಿಪಿಯು ಕಳೆದುಹೋದ ತುಣುಕನ್ನು ಮತ್ತೆ ತರಿಸುವವರೆಗೆ ಅದರ ಹಿಂದೆ ಬರುವ ಮಾತನ್ನೆಲ್ಲ ತಡೆದು ನಿಲ್ಲಿಸುತ್ತದೆ, ಸಂಭಾಷಣೆಯಲ್ಲಾದರೋ ತಡವಾಗಿ ಬಂದ ಅಕ್ಷರಕ್ಕೆ ಬೆಲೆಯಿಲ್ಲ. ಧ್ವನಿಯನ್ನು ಅಂಕಿಗಳಾಗಿಸುವ ಜಿ.711 ಕೋಡೆಕ್‌ನ 64 ಕಿಲೋಬಿಟ್ ಧ್ವನಿ ಸುರಂಗದ ಹೊದಿಕೆ ಸೇರಿ ಪ್ರತಿ ದಿಕ್ಕಿಗೂ ಸೆಕೆಂಡಿಗೆ ಸುಮಾರು 100 ಕಿಲೋಬಿಟ್ ಬೇಡುತ್ತದೆ. ಮಲೆನಾಡಿನ ದುರ್ಬಲ ಸಂಪರ್ಕಗಳಲ್ಲಿ ಧ್ವನಿಯನ್ನು ಹೆಚ್ಚು ಕುಗ್ಗಿಸುವ ಜಿ.729 ಕೋಡೆಕ್ ಬಳಸಿದರೆ ಅದರ ಅರ್ಧ ಸಾಕು.

ವಿಪಿಎನ್ ಕಾನೂನಿಗೆ ವಿರುದ್ಧವೆಂದು ಕೆಲವು ಆಡಳಿತ ಮಂಡಳಿಗಳು ಹಿಂಜರಿಯುತ್ತವೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಗ್ರಾಹಕರ ವಿವರಗಳನ್ನು 5 ವರ್ಷ ಇಡಬೇಕೆಂದದ್ದು ಸಾರ್ವಜನಿಕರಿಗೆ ವಿಪಿಎನ್ ಸೇವೆ ಒದಗಿಸುವ ಕಂಪನಿಗಳಿಗೆ. ಸಂಸ್ಥೆಗಳ ಆಂತರಿಕ ವಿಪಿಎನ್‌ಗೆ ಅದು ಅನ್ವಯಿಸದೆಂದು ನಿರ್ದೇಶನ ಹೊರಡಿಸಿದವರೇ ಸ್ಪಷ್ಟಪಡಿಸಿದ್ದಾರೆ.

ಕಾರ್ಯಾದೇಶ ಕೊಡುವ ಮುನ್ನ ಕಾರ್ಯದರ್ಶಿಗಳು ಈ ಷರತ್ತುಗಳನ್ನು ಬರೆಸಿಕೊಳ್ಳಲಿ, ಶಾಖೆಯ ರೂಟರಿಗೆ ಯುಪಿಎಸ್ ಕೇಳಲಿ. ಜೊತೆಗೆ ಪ್ರತಿ ಶಾಖೆಯಲ್ಲಿ ಒಂದು ಸಾಮಾನ್ಯ ಮೊಬೈಲ್ ಇರಲಿ. ಏಕೆಂದರೆ ಸುರಂಗದ ಮೂಲಕ ಬಂದು ಕೇಂದ್ರದ ಲೈನಿನಿಂದ 112ಕ್ಕೆ ಹೋಗುವ ಕರೆ ತೋರಿಸುವುದು ಶಾಖೆಯ ಸಂಖ್ಯೆಯನ್ನಲ್ಲ, ಕೇಂದ್ರ ಕಚೇರಿಯದನ್ನು.

ಇಂತಿ ತಮ್ಮ ವಿಶ್ವಾಸಿ,
ಓರ್ವ ದೂರವಾಣಿ ತಂತ್ರಜ್ಞ, ಶಿರಸಿ