ಅಜ್ಜಿಯ ಹೆಸರಿನ ದತ್ತಿ ಯಾರಿಗೆ ಸಲ್ಲಬೇಕು

ಫ್ರೆಸ್ನೊ, ಕ್ಯಾಲಿಫೋರ್ನಿಯಾ
ಸೆಪ್ಟೆಂಬರ್ 14

ತೀರ್ಥರೂಪರಾದ ಅಪ್ಪನಿಗೆ, ಅಮ್ಮನಿಗೆ ಮಗಳ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಬಿಸಿಲು ಇನ್ನೂ ಇಳಿದಿಲ್ಲ. ಊರಾಚೆ ದ್ರಾಕ್ಷಿ ತೋಟಗಳಲ್ಲಿ ಸಾಲುಗಳ ನಡುವೆ ನೆಲದ ಮೇಲೆ ಕಾಗದ ಹಾಸಿ ಗೊಂಚಲುಗಳನ್ನು ಹರವಿದ್ದಾರೆ. ಎರಡು ಮೂರು ವಾರದಲ್ಲಿ ಅವು ಒಣದ್ರಾಕ್ಷಿಯಾಗುತ್ತವೆ. ಆ ದಾರಿಯಲ್ಲಿ ಹೋಗುವಾಗ ನಮ್ಮ ಅಟ್ಟದ ಮೇಲಿನ ಕೊಬ್ಬರಿಯ ವಾಸನೆ ನೆನಪಾಗುತ್ತದೆ. ಅಮ್ಮ, ಮಂಡಿನೋವಿಗೆ ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನು ಬಿಡಬೇಡ.

ಅಪ್ಪ, ಹೋದ ಭಾನುವಾರ ನೀವು ಫೋನಿನಲ್ಲಿ ಹೇಳಿದ್ದನ್ನೇ ಯೋಚಿಸುತ್ತಿದ್ದೇನೆ. ಅಜ್ಜಿಯ ಹೆಸರಿನಲ್ಲಿ ನೀವು ಕೆಲಸ ಮಾಡಿದ ಹೈಸ್ಕೂಲಿನಲ್ಲಿ 1 ಲಕ್ಷ ರೂಪಾಯಿ ದತ್ತಿ ಇಟ್ಟು, ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ಸ್ಥಾನ ಪಡೆದವರಿಗೆ ಪ್ರತಿ ವರ್ಷ ಅದರ ಬಡ್ಡಿ ಕೊಡುವುದು ಎಂದಿರಿ. ನಾನು ‘ಆಗಲಿ’ ಎಂದುಬಿಟ್ಟೆ. ಆಮೇಲೆ ಮನಸ್ಸು ಒಪ್ಪಲಿಲ್ಲ. ದತ್ತಿ ಬೇಡವೆಂದಲ್ಲ, ನಾವಿಬ್ಬರೂ ನಮ್ಮ ಪಾಲು ಸೇರಿಸುತ್ತೇವೆ. ಅದು ಯಾರಿಗೆ ಸಲ್ಲಬೇಕು ಎಂಬುದಷ್ಟೇ ನನ್ನ ಮಾತು. ಫೋನಿನಲ್ಲಿ ಹೇಳಲು ಹೋದರೆ ನಾನು ವಾದಕ್ಕಿಳಿಯುತ್ತೇನೆ, ನೀವು ಸುಮ್ಮನಾಗುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಗಣಿತ ಪಾಠ ಮಾಡುವ ಕಾಲೇಜು ಎಂಥದೆಂದು ನಿಮಗೆ ಸರಿಯಾಗಿ ಹೇಳಿಯೇ ಇಲ್ಲ. ‘ಕಮ್ಯುನಿಟಿ ಕಾಲೇಜು’ ಎಂದಾಗ ಯಾವುದೋ ಸಮಾಜದವರೋ ಮಠದವರೋ ನಡೆಸುವ ಕಾಲೇಜೆಂದು ನೀವು ತಿಳಿದಿದ್ದಿರಿ. ಹಾಗಲ್ಲ. ಇವು ತೆರಿಗೆ ಹಣದಿಂದ ನಡೆಯುವ ಎರಡು ವರ್ಷದ ಸಾರ್ವಜನಿಕ ಕಾಲೇಜುಗಳು. ಮೊದಲನೆಯದು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬಲ್ಲಿ ಶುರುವಾಯಿತು. ಕ್ಯಾಲಿಫೋರ್ನಿಯಾದ ಮೊದಲನೆಯದು ಇದೇ ಫ್ರೆಸ್ನೊದಲ್ಲಿ, 1910ರಲ್ಲಿ. ಈಗ ಈ ರಾಜ್ಯವೊಂದರಲ್ಲೇ 116 ಇವೆ. ಅಂಕ ನೋಡಿ ಇಲ್ಲಿ ಯಾರನ್ನೂ ಹಿಂದಕ್ಕೆ ಕಳುಹಿಸುವುದಿಲ್ಲ. ವೆಲ್ಡಿಂಗ್, ನರ್ಸಿಂಗ್, ಲೆಕ್ಕಪತ್ರದ ಕೆಲಸ ಕಲಿಯುವವರು ಬರುತ್ತಾರೆ. ಎರಡು ವರ್ಷ ಇಲ್ಲಿ ಓದಿ, ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರಿಕೊಳ್ಳುವವರೂ ಬರುತ್ತಾರೆ. ನನ್ನ ಸಂಜೆಯ ತರಗತಿಯಲ್ಲಿ 18ರ ಹುಡುಗಿಯ ಪಕ್ಕದಲ್ಲಿ ಅವಳ ತಾಯಿಯ ವಯಸ್ಸಿನವರು ಕುಳಿತಿರುತ್ತಾರೆ.

ಫೀಸು ಇಲ್ಲಿಯ ಮಟ್ಟಿಗೆ ಬಹಳ ಕಡಿಮೆ. ಓದುವ ಪಾಠಗಳನ್ನು ಯೂನಿಟ್ ಎಂಬ ಅಳತೆಯಲ್ಲಿ ಲೆಕ್ಕ ಹಾಕುತ್ತಾರೆ, ಒಂದಕ್ಕೆ 46 ಡಾಲರ್. ಎರಡು ವರ್ಷದ ಪದವಿಗೆ 60 ಯೂನಿಟ್ ಬೇಕು, ಎಂದರೆ ಒಟ್ಟು 2,760 ಡಾಲರ್. ಬಡವರಿಗೆ ಅದನ್ನೂ ರಾಜ್ಯ ಸರ್ಕಾರ ಮಾಫಿ ಮಾಡುತ್ತದೆ. ಅದರ ಮೇಲೆ ಕೇಂದ್ರ ಸರ್ಕಾರ ಅಂಥವರಿಗೆ ಕೊಡುವ ಪೆಲ್ ಗ್ರಾಂಟ್ ಎಂಬ ಸಹಾಯಧನ ಇದೆ, ವರ್ಷಕ್ಕೆ ಹೆಚ್ಚೆಂದರೆ 7,395 ಡಾಲರ್. ಹಾಗಿದ್ದ ಮೇಲೆ ಮನೆತನಗಳು ಕೊಡುವ ವಿದ್ಯಾರ್ಥಿವೇತನ ಯಾತಕ್ಕೆ ಎಂದು ನಾನೂ ಮೊದಲು ಕೇಳಿದ್ದೆ.

ಈ ವರ್ಷ ಏಪ್ರಿಲ್‌ನಲ್ಲಿ ನನ್ನನ್ನು ಅಂಥ ವಿದ್ಯಾರ್ಥಿವೇತನಗಳ ಅರ್ಜಿ ಓದುವ ಸಮಿತಿಗೆ ಹಾಕಿದರು. ಹೆಸರು ಮರೆಮಾಡಿದ ಅರ್ಜಿಗಳು. ಒಬ್ಬ ವಿದ್ಯಾರ್ಥಿನಿ ಹಣ ಯಾತಕ್ಕೆ ಬೇಕು ಎಂಬಲ್ಲಿ ಒಂದೇ ಸಾಲು ಬರೆದಿದ್ದಳು: ಕಾರಿನ ಹಿಂದಿನ ಎರಡು ಟೈರಿಗೆ. ಹಗಲು ಹಣ್ಣು ವಿಂಗಡಿಸುವ ಶೆಡ್ಡಿನಲ್ಲಿ ಕೆಲಸ, ಸಂಜೆ ಕಾಲೇಜು. ತರಗತಿ ಮುಗಿಯುವ ಹೊತ್ತಿಗೆ ಅವಳ ಊರಿಗೆ ಬಸ್ ಇಲ್ಲ. ಟೈರಿನ ರಬ್ಬರು ಸವೆದು ಒಳಗಿನ ತಂತಿ ಕಾಣಿಸುತ್ತಿದೆ ಎಂದು ಕೆಳಗೆ ಪೆನ್ನಿನಲ್ಲಿ ಸೇರಿಸಿದ್ದಳು. ನಮ್ಮಲ್ಲೊಬ್ಬರು ‘ಟೈರು ಶಿಕ್ಷಣದ ಖರ್ಚೇ?’ ಎಂದು ಕೇಳಿದರು. ನನಗೆ ಎದೆಯಲ್ಲಿ ಬೆಂಕಿ ಬಿದ್ದಂತಾಯಿತು. ಅವಳು ನನ್ನ ಮುಂದೆ ಕುಳಿತು ಸಮೀಕರಣ ಬಿಡಿಸಬೇಕಾದರೆ ಮೊದಲು ಆ ಟೈರು ಉರುಳಬೇಕಲ್ಲವೇ? ಪುಸ್ತಕದ ಕಥೆಯೂ ಹೀಗೇ. ಹಳೆಯ ಪುಸ್ತಕ ಅರ್ಧ ಬೆಲೆಗೆ ಸಿಗುತ್ತದೆ, ಆದರೆ ಮನೆಲೆಕ್ಕಗಳನ್ನು ಆನ್‌ಲೈನಿನಲ್ಲಿ ಮಾಡಲು ಒಂದು ಕೋಡ್ ಕೊಳ್ಳಬೇಕು. ಅದು ಹಳೆಯದು ಸಿಗುವುದಿಲ್ಲ. ಕೆಲವು ವಿಷಯಗಳಲ್ಲಿ ಅದಕ್ಕೇ 100 ಡಾಲರ್ ದಾಟುತ್ತದೆ. ಚಿಕ್ಕ ಮಕ್ಕಳಾಗಿದ್ದಾಗ ಕಾಗದಪತ್ರವಿಲ್ಲದೆ ಈ ದೇಶಕ್ಕೆ ಬಂದವರಿಗಂತೂ ಪೆಲ್ ಹಣದ ಒಂದು ಡಾಲರೂ ಸಿಗುವುದಿಲ್ಲ. ಸರ್ಕಾರದ ಕೈ ಮುಟ್ಟದ ಇಂಥ ಜಾಗಗಳಲ್ಲಿಯೇ ಯಾವುದೋ ಮನೆತನದ ಸಾವಿರ ಡಾಲರ್ ಕೆಲಸಕ್ಕೆ ಬರುವುದು.

ದೊಡ್ಡ ಕೊಡುಗೆಗಳೂ ಇವೆ. 2008ರಲ್ಲಿ ಉದ್ಯಮಿ ಬರ್ನಾರ್ಡ್ ಓಷರ್ ಅವರ ಪ್ರತಿಷ್ಠಾನ ಈ ರಾಜ್ಯದ ಕಮ್ಯುನಿಟಿ ಕಾಲೇಜುಗಳ ವಿದ್ಯಾರ್ಥಿವೇತನಕ್ಕೆ 5 ಕೋಟಿ ಡಾಲರ್ ಕೊಡುವುದಾಗಿ ಘೋಷಿಸಿತು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದು ಸಣ್ಣ ದತ್ತಿ.

ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಒಬ್ಬರು ತೀರಿಕೊಂಡಾಗ ಅವರ ಹೆಂಡತಿ ಮತ್ತು ನಾಲ್ವರು ಮಕ್ಕಳು ಸೇರಿ 25,000 ಡಾಲರ್ ಕೂಡಿಸಿ ನಮ್ಮ ಕಾಲೇಜಿಗೆ ಕೊಟ್ಟರು. ನಮ್ಮೂರಿನ ದತ್ತಿನಿಧಿಯ ಕ್ರಮವೇ: ಮೂಲಧನ ಮುಟ್ಟುವಂತಿಲ್ಲ, ಹೂಡಿಕೆಯಿಂದ ಬಂದದ್ದರಲ್ಲಿ ಮೂಲಧನದ ಸುಮಾರು ಶೇ. 4ರಷ್ಟನ್ನು ಹಂಚುತ್ತಾರೆ. ವರ್ಷಕ್ಕೆ ಒಬ್ಬರಿಗೆ 1,000 ಡಾಲರ್. ಅವರು ಹಾಕಿದ ಷರತ್ತು ಒಂದೇ. ಅರ್ಜಿ ಹಾಕುವವರು ಒಮ್ಮೆ ಓದು ಬಿಟ್ಟು ಮತ್ತೆ ಸೇರಿದವರಾಗಿರಬೇಕು. ಅಂಕ ಎಷ್ಟಾದರೂ ಆದೀತು.

ಮೇ ತಿಂಗಳ ಸಮಾರಂಭಕ್ಕೆ ಆ ತಾಯಿ ಬಂದಿದ್ದರು. ನಾನು ಗಣಿತದ ಮೇಷ್ಟ್ರು ಎಂದು ತಿಳಿದ ಮೇಲೆ ಕೈಚೀಲದಿಂದ ಒಂದು ಹಳೆಯ ಬೀಜಗಣಿತದ ಪುಸ್ತಕ ತೆಗೆದು ಕೊಟ್ಟರು. ಗಂಡ 19ನೇ ವಯಸ್ಸಿನಲ್ಲಿ ಕಾಲೇಜು ಬಿಟ್ಟಾಗಿನದು. ಐದನೇ ಅಧ್ಯಾಯದವರೆಗೆ ಪುಟದ ಅಂಚಿನಲ್ಲೆಲ್ಲ ಪೆನ್ಸಿಲ್ ಬರಹ, ತಪ್ಪಾದ ಕಡೆ ಉಜ್ಜಿ ಮತ್ತೆ ಬರೆದದ್ದು, ಗ್ರೀಸಿನ ಬೆರಳಚ್ಚು. ಆರನೇ ಅಧ್ಯಾಯದಿಂದ ಪುಟಗಳು ಹೊಸದರಂತೆ ಇದ್ದವು. ಆಗ ಈ ಕಾಲೇಜುಗಳಲ್ಲಿ ಫೀಸೇ ಇರಲಿಲ್ಲ ಅಪ್ಪ, ಅದು ಬಂದದ್ದು 1984ರಲ್ಲಿ. ಆದರೂ ಓದು ನಿಂತಿತು, ಏಕೆಂದರೆ ಮನೆಗೆ ಅವರ ದುಡಿಮೆ ಬೇಕಾಗಿತ್ತು. ‘ದಡ್ಡರಾಗಿರಲಿಲ್ಲ’ ಎಂದು ಆ ತಾಯಿ ಎರಡು ಸಲ ಹೇಳಿದರು. ಆ ಪುಟಗಳನ್ನು ನೋಡಿದ ಯಾರಿಗೂ ಅದನ್ನು ಹೇಳಬೇಕಾಗಿರಲಿಲ್ಲ.

ಆ ಪುಸ್ತಕ ಕೈಯಲ್ಲಿದ್ದಾಗ ನನಗೆ ಅಜ್ಜಿ ನೆನಪಾದಳು. ಪರೀಕ್ಷೆಯ ತಿಂಗಳಲ್ಲಿ ತೋಟದಾಚೆಯ ಹಟ್ಟಿಯಿಂದ ಬರುತ್ತಿದ್ದ ಆ ಇಬ್ಬರು ಹುಡುಗರು. ಅವರ ಮನೆಗಳಲ್ಲಿ ಕರೆಂಟು ಇರಲಿಲ್ಲವೆಂದು ಅಜ್ಜಿ ನಮ್ಮ ಜಗುಲಿಯಲ್ಲಿ ಕೂರಿಸಿ, ಬಲ್ಬು ಹಾಕಿಸಿ, ರಾತ್ರಿ ಮುದ್ದೆ ಸಾರು ಬಡಿಸುತ್ತಿದ್ದಳು. ಒಬ್ಬ ಗಣಿತದಲ್ಲಿ ಫೇಲಾದ ವರ್ಷವೂ ಮತ್ತೆ ಕರೆದಳು. ಅವಳು ಯಾರ ಅಂಕಪಟ್ಟಿಯನ್ನೂ ಕೇಳಿದವಳಲ್ಲ. ಅವಳ ಹೆಸರಿನ ಹಣ ಅಂಕಪಟ್ಟಿ ನೋಡಿ ಹೋಗುವುದು ನನಗೆ ಸರಿಕಾಣುವುದಿಲ್ಲ.

ಮೊದಲ ಸ್ಥಾನ ಬಂದ ಮಗುವಿನ ಮೇಲೆ ನನಗೆ ಮತ್ಸರವಿಲ್ಲ. ಆ ಮಗುವಿಗೆ ಪಂಚಾಯಿತಿಯವರು ಹಾರ ಹಾಕುತ್ತಾರೆ, ಸಂಘದವರು ಶಾಲು ಹೊದಿಸುತ್ತಾರೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಶೇ. 45 ತೆಗೆದು ಪಾಸಾದವರು ಫಲಿತಾಂಶಕ್ಕೂ ಪಿಯುಸಿ ಅರ್ಜಿಗೂ ನಡುವಿನ ದಿನಗಳಲ್ಲಿ ಕಾಣೆಯಾಗುತ್ತಾರೆ. ನೀವೇ ಹೇಳಿದ್ದಿರಿ: ತಿಪಟೂರಿನ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತಿದ್ದ ನಿಮ್ಮ ಶಿಷ್ಯನೊಬ್ಬ ನಿಮ್ಮನ್ನು ಕಂಡ ತಕ್ಷಣ ಅಡುಗೆಮನೆಗೆ ಹೋಗಿಬಿಟ್ಟನೆಂದು. ಅಂದು ರಾತ್ರಿ ನೀವು ಅರ್ಧ ಊಟಕ್ಕೇ ಎದ್ದಿರಿ.

ಅದಕ್ಕೇ ಕೇಳುತ್ತೇನೆ, ಈ ಹಣವನ್ನು ವಾರ್ಷಿಕೋತ್ಸವದ ವೇದಿಕೆಯಲ್ಲಿ ಕೊಡುವುದು ಬೇಡ. ಪಾಸಾಗಿಯೂ ಓದು ನಿಲ್ಲುವಂತಿರುವವರಿಗೆ, ಮುಂದಿನ ಓದಿಗೆ ಸೇರುವ ಹೊತ್ತಿಗೇ ಕೊಡೋಣ. ಪಿಯುಸಿಯೋ ಐಟಿಐಯೋ ಡಿಪ್ಲೊಮಾವೋ, ಎಲ್ಲಿಗೆ ಸೇರಿದರೂ ಸರಿ. ಎರಡನೇ ಸಲದ ಪರೀಕ್ಷೆಯಲ್ಲಿ ಪಾಸಾದವರೂ ಆಗಬಹುದು. ನಿಮ್ಮ 1 ಲಕ್ಷಕ್ಕೆ ವರ್ಷಕ್ಕೆ ಬಡ್ಡಿ 6-7 ಸಾವಿರ ಬಂದರೆ ನಾವು ಸೇರಿಸುವ 1 ಲಕ್ಷಕ್ಕೂ ಅಷ್ಟೇ ಬರುತ್ತದೆ, ಇಬ್ಬರಿಗೆ ಆಗುತ್ತದೆ. ಇನ್ನೊಂದು ಮಾತು, ನನ್ನ ಕಷ್ಟ ಇಂಥದು ಎಂದು ಮಕ್ಕಳಿಂದ ಬರೆಸಬೇಡಿ. ಇಲ್ಲಿ ಬರೆಸುತ್ತಾರೆ. ಯಾರ ಗಾಯ ದೊಡ್ಡದು ಎಂದು ತೂಗುತ್ತಾ ಕುಳಿತ ಆ ಎರಡು ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ತರಗತಿಯ ಮೇಷ್ಟ್ರಿಗೆ ಗೊತ್ತಿರುತ್ತದೆ, ಅವರು ಹೇಳಿದರೆ ಸಾಕು.

ಅಂಕದ ಲೆಕ್ಕವಾದರೆ ವಶೀಲಿ ನಡೆಯುವುದಿಲ್ಲ ಎಂದು ನೀವು ಹೇಳುತ್ತೀರಿ. ಆ ಭಯ ನ್ಯಾಯವಾದದ್ದೇ. ಇಲ್ಲಿ ದತ್ತಿ ಕೊಟ್ಟವರು ಷರತ್ತು ಬರೆಯಬಹುದು, ಇಂಥವರಿಗೇ ಕೊಡಿ ಎಂದು ತಾವೇ ಬೆರಳು ತೋರಿಸುವಂತಿಲ್ಲ. ಆ ಒಂದು ನಿಯಮವನ್ನು ನಾವೂ ಇಟ್ಟುಕೊಳ್ಳೋಣ. ಮುಖ್ಯೋಪಾಧ್ಯಾಯರು ಮತ್ತು ಇಬ್ಬರು ಶಿಕ್ಷಕರು ಆರಿಸಲಿ. ನೀವಾಗಲಿ ನಾನಾಗಲಿ ಹೆಸರು ಹೇಳುವುದು ಬೇಡ, ನಮ್ಮ ನೆಂಟರ ಮಕ್ಕಳಿಗೆ ಬೇಡವೇ ಬೇಡ.

ಟೈರಿನ ಹುಡುಗಿಗೆ ಹಣ ಸಿಕ್ಕಿತು. ಯಾವ ದತ್ತಿಯಿಂದ ಎಂದು ಬರೆಯುವಂತಿಲ್ಲ. ಈ ಸೆಮಿಸ್ಟರಿನಲ್ಲಿ ಅವಳೂ ನನ್ನ ತರಗತಿಯಲ್ಲಿ ಇರಬಹುದು, ಹೆಸರು ಗೊತ್ತಿಲ್ಲದ್ದರಿಂದ ಗುರುತಿಸಲಾರೆ.

ನಮ್ಮ ಪಾಲಿನ 1 ಲಕ್ಷವನ್ನು ತಿಂಗಳ ಕೊನೆಯಲ್ಲಿ ನಿಮ್ಮ ಖಾತೆಗೆ ಹಾಕುತ್ತೇವೆ. ಮುಖ್ಯೋಪಾಧ್ಯಾಯರು ಏನೆಂದರು ತಿಳಿಸಿ. ಅಮ್ಮ, ಜಗುಲಿಯಲ್ಲಿ ಓದುತ್ತಿದ್ದ ಆ ಇಬ್ಬರ ಹೆಸರು ನಿನಗೆ ನೆನಪಿರಬೇಕು. ಭಾನುವಾರ ಫೋನು ಮಾಡುತ್ತೇನೆ, ಹೇಳು. ಈಗ ಎಲ್ಲಿದ್ದಾರೆ ಎಂಬುದನ್ನೂ ಕೇಳಿಟ್ಟಿರು.

ನಿಮ್ಮ ಪ್ರೀತಿಯ ಮಗಳು