ಈ ವರ್ಷವೂ ನಕ್ಷತ್ರ ಕಟ್ಟು, ಪುತಾ

ಕಲ್ಯಾಣಪುರ
ಡಿಸೆಂಬರ್ 3

ಪ್ರೀತಿಯ ಪುತಾ,

ಮೊನ್ನೆ ಫೋನಿನಲ್ಲಿ ನೀನು "ಈ ವರ್ಷ ನಮ್ಮಲ್ಲಿ ಕ್ರಿಸ್‌ಮಸ್ ಇಲ್ಲ ಮಾವ್ಶಿ" ಅಂದೆ. ನಾನು ಹೂಂ ಅಂದು ಸುಮ್ಮನಾದೆ. ನನಗೆ ಫೋನಿನಲ್ಲಿ ಸರಿಯಾಗಿ ಮಾತಾಡಲಿಕ್ಕೆ ಬರುವುದಿಲ್ಲ, ನಿನಗೆ ಗೊತ್ತೇ ಇದೆ. ಕೊಂಕಣಿಯಲ್ಲಿ ಬಯ್ಯಬಲ್ಲೆ, ಅಷ್ಟೆ. 30 ವರ್ಷ ಶಾಲೆಯಲ್ಲಿ ಕನ್ನಡ ಪಾಠ ಮಾಡಿದವಳು, ಹೇಳಬೇಕಾದ್ದನ್ನು ಕನ್ನಡದಲ್ಲಿ ಬರೆದರೇ ನನಗೆ ಸಮಾಧಾನ. ಮಕ್ಕಳು ಮಲಗಿದ ಮೇಲೆ ಓದು. ನಿನ್ನ ಹೆಂಡತಿಗೂ ಓದಿ ಹೇಳು.

ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿ, ಮಾಡುವುದಿಲ್ಲ ಅಂದದ್ದು ಸರಿ. ಸಾವಾದ ವರ್ಷ ನಮ್ಮ ಮನೆಗಳಲ್ಲಿ ಎಣ್ಣೆ ಬಾಣಲೆ ಇಡುವುದಿಲ್ಲ. ನಿನ್ನ ಅಮ್ಮ, ನನ್ನ ಅಕ್ಕ, ಹೋಗಿ ಇನ್ನೂ ಐದು ತಿಂಗಳು ಆಗಿಲ್ಲ. ಆಟಿ ತಿಂಗಳ ಆ ಮಳೆಯಲ್ಲಿ ಕೊಡೆ ಹಿಡಿದು ಸಿಮಿಸ್ತ್ರಿಯ ಸಮಾಧಿಗಳ ನಡುವೆ ನಿಂತದ್ದು ನನ್ನ ಕಣ್ಣ ಮುಂದೆಯೇ ಇದೆ. ಆದರೆ ನಕ್ಷತ್ರ ಇಲ್ಲ, ಬಾಲಯೇಸುವಿನ ಗೋದಲಿ ಇಲ್ಲ, ಪೂಜೆ ಮುಗಿಸಿ ಮಕ್ಕಳನ್ನು ಮಾಲ್‌ಗೆ ಕರೆದುಕೊಂಡು ಹೋಗುತ್ತೇನೆ ಅಂದೆಯಲ್ಲ, ಅದು ಸರಿ ಅಲ್ಲ. ಯಾಕೆ ಅಂತ ಹೇಳಲು ನನ್ನದೇ ಒಂದು ತಪ್ಪು ಹೇಳಬೇಕು. ನಾಚಿಕೆಯಾಗುತ್ತೆ, ಆದರೂ ಹೇಳ್ತೇನೆ.

ನಿನ್ನ ಬಾಪ್ಪು, ಅಂದರೆ ನನ್ನ ಗಂಡ, ತೀರಿಕೊಂಡದ್ದು 1989ರ ಅಕ್ಟೋಬರಿನಲ್ಲಿ. ನನ್ನ ಮಗನಿಗೆ ಆಗ ಆರು ವರ್ಷ. ಆ ಡಿಸೆಂಬರಿನಲ್ಲಿ ನಾನು ಮನೆಯ ಮುಂದಿನ ಬಲ್ಬು ಕೂಡ ಹಾಕಲಿಲ್ಲ. ಹಿಂದಿನ ವರ್ಷ ಅವರು ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ಮಾಡಿದ ನಕ್ಷತ್ರ ಅಟ್ಟದ ಮೇಲೆ ಇತ್ತು. ನಾನು ಆ ಕಡೆ ತಲೆ ಎತ್ತಿ ನೋಡಲೂ ಇಲ್ಲ. ಒಂದು ರಾತ್ರಿ ನಮ್ಮ ವಾಳೆಯ, ಅಂದರೆ ಕೇರಿಯ, ಹುಡುಗರು ಕ್ಯಾರಲ್ಸ್ ಹಾಡಿಕೊಂಡು ಬಂದರು. ಗಿಟಾರು, ಪೆಟ್ರೋಮ್ಯಾಕ್ಸ್, ಹತ್ತಿಯ ಗಡ್ಡದ ಸಾಂತಾ ಕ್ಲಾಸ್. ನಾನು ಗೇಟಿನ ಹತ್ತಿರವೇ ನಿಂತು, ಮುಂದೆ ಹೋಗಿ ಅಂತ ಕೈ ಮಾಡಿದೆ. ಪಾಪ, ಹುಡುಗರು ತಲೆ ತಗ್ಗಿಸಿ ಹೋದರು. ತಿರುಗಿ ನೋಡಿದರೆ ಮಗ ಕಿಟಕಿಯ ಸರಳು ಹಿಡಿದು ನಿಂತಿದ್ದ. ಅಳಲಿಲ್ಲ, ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ.

ಈಗ ಅವನಿಗೆ 42. ನಾಲ್ಕು ವರ್ಷದ ಹಿಂದೆ ದುಬೈಯಿಂದ ಬಂದಾಗ ಅಂಗಳದಲ್ಲಿ ಚಾ ಕುಡಿಯುತ್ತಾ ಹೇಳಿದ: "ಆ ವರ್ಷ ನಾನು ಏನೋ ತಪ್ಪು ಮಾಡಿದ್ದೇನೆ, ಅದಕ್ಕೇ ನಮ್ಮ ಮನೆಗೆ ಮಾತ್ರ ಕ್ರಿಸ್‌ಮಸ್ ಬರಲಿಲ್ಲ ಅಂದುಕೊಂಡಿದ್ದೆ ಅಮ್ಮಾ." ನನ್ನ ಕೈಯಲ್ಲಿದ್ದ ಚಾ ತಣ್ಣಗಾಯಿತು. ಇಷ್ಟು ವರ್ಷ ನಾನು ಅಂದುಕೊಂಡದ್ದು, ಅವನು ಅಪ್ಪನಿಗಾಗಿ ಸುಮ್ಮನಿದ್ದ ಅಂತ.

ಆ ವರ್ಷದ್ದು ಅಲ್ಲಿಗೆ ಮುಗಿಯಲಿಲ್ಲ. ಡಿಸೆಂಬರ್ 27ಕ್ಕೆ ನಿನ್ನ ಅಮ್ಮ ಮಂಗಳೂರಿನಿಂದ ಬಸ್ ಹತ್ತಿ ಬಂದಳು, ನಿನ್ನನ್ನೂ ಕರೆದುಕೊಂಡು. ನಿನಗೆ ಒಂಬತ್ತು ವರ್ಷ. ಮೂಲ್ಕಿ ದಾಟುವಾಗ ನೀನು ಬಸ್ಸಿನಲ್ಲಿ ವಾಂತಿ ಮಾಡಿದ್ದೆ, ಅದು ಮಾತ್ರ ನಿನಗೆ ನೆನಪಿರಬೇಕು. ಅವಳ ಸೆರಗಿನ ಗಂಟಿನಲ್ಲಿ ನಿಮ್ಮ ಗೋದಲಿಯ ಬಾಲಯೇಸು ಇತ್ತು. ಒಂದು ಕಿವಿ ಮುಕ್ಕಾದದ್ದು. ಬಂದವಳೇ ನನ್ನ ಹತ್ತಿರ ಒಂದು ಮಾತೂ ಆಡದೆ ಹಿತ್ತಲಿಗೆ ಹೋಗಿ ನಾಲ್ಕು ಇಟ್ಟಿಗೆ, ಒಂದು ಹಿಡಿ ಬೈಹುಲ್ಲು ತಂದಳು. ಮಗನನ್ನು ಕರೆದು "ಬಾ, ನಿನಗೆ ಕೆಲಸ ಇದೆ" ಅಂದಳು. ನಾನು "ಕ್ರಿಸ್‌ಮಸ್ ಮುಗಿದು ಎರಡು ದಿನ ಆಯಿತಲ್ಲ ಅಕ್ಕಾ" ಅಂದೆ. "ಬಾಲಯೇಸುವನ್ನು ನೋಡಲು ಹೊರಟ ಮೂರು ರಾಯರು ಇನ್ನೂ ದಾರಿಯಲ್ಲಿ ಇದ್ದಾರೆ, ಜನವರಿ 6ರ ತನಕ ಟೈಮ್ ಉಂಟು" ಅಂದಳು. ಈಗ ಆ ರಾಯರ ಹಬ್ಬದ ಪೂಜೆಯನ್ನು ಭಾನುವಾರಕ್ಕೆ ಸರಿಸುತ್ತಾರೆ. ಅವಳ ಲೆಕ್ಕದಲ್ಲಿ ಮಾತ್ರ 6 ಅಂದರೆ 6.

ನೀನು ಈ ವರ್ಷ ಅಮ್ಮನಿಗಾಗಿ ನಕ್ಷತ್ರ ಕಟ್ಟುವುದಿಲ್ಲ ಅಂದಾಗ ನನಗೆ ನೆನಪಾದದ್ದು ಆ ಸೆರಗಿನ ಗಂಟು.

ಈಗ ಕೆಲಸದ ಮಾತು. ಕ್ರಿಸ್‌ಮಸ್‌ಗೆ ಕಾಯುವ ಆಗಮನ ಕಾಲದ ಮೊದಲ ಭಾನುವಾರ ಮುಗಿದೇ ಹೋಯಿತು. ಪರವಾಗಿಲ್ಲ. 14ರಂದು ಮೂರನೇ ಭಾನುವಾರ, ಗುಲಾಬಿ ಬಣ್ಣದ ಮೇಣದ ಬತ್ತಿ ಹಚ್ಚುವ ದಿನ. ಉಳಿದ ಮೂರು ನೇರಳೆ, ಅದೊಂದು ಗುಲಾಬಿ, ಯಾಕೆ ಅಂತ ದೊಡ್ಡವಳು ಖಂಡಿತ ಕೇಳ್ತಾಳೆ. ಕಾಯುವ ದಿನಗಳಲ್ಲಿ ಅರ್ಧ ದಾರಿ ದಾಟಿತು, ಸ್ವಲ್ಪ ಸಂತೋಷಪಡಿ ಅಂತ ಇಗರ್ಜಿ ಹೇಳುವ ದಿನ ಅದು, ಅಂತ ಹೇಳು. ಆ ದಿನವೇ ರಾಗಿ ಬಿತ್ತಿಸು. ಹಿಂದಿನ ರಾತ್ರಿ ಒಂದು ಮುಷ್ಟಿ ರಾಗಿ ನೆನೆಹಾಕಿ, ಹಳೇ ಸ್ಟೀಲ್ ತಟ್ಟೆಯಲ್ಲಿ ಒಂದು ಬೆರಳಿನಷ್ಟು ಮಣ್ಣು ಹರಡಿ, ಒತ್ತೊತ್ತಾಗಿ ಚೆಲ್ಲಬೇಕು. ಮೇಲೆ ಒದ್ದೆ ಬಟ್ಟೆ. ಮೊಳಕೆ ಕಂಡ ಮೇಲೆ ಬಟ್ಟೆ ತೆಗೆದು ಬೆಳಕಿಗೆ ಇಡಿ. 24ಕ್ಕೆ ಗೋದಲಿಯ ಸುತ್ತ ಇಡಲು ಪುಟ್ಟ ಹಸಿರು ಗದ್ದೆ ರೆಡಿ. ಭತ್ತ ಬೇಡ, ಅದು ನಿಧಾನ, ಈಗ ತಡವಾಗುತ್ತೆ. ನೀರು ಹಾಕುವ ಕೆಲಸ ಚಿಕ್ಕವನಿಗೆ ಕೊಡು. ನಾಲ್ಕು ವರ್ಷದವನ ಕೈಗೆ ಚೊಂಬು ಕೊಟ್ಟರೆ ರಾಗಿ ತೇಲಿ ಹೋಗುತ್ತೆ, ಚಮಚ ಕೊಡು. ಅವನು ದಿನಕ್ಕೆ ಹತ್ತು ಸಲ ಹೋಗಿ ನೋಡಲಿ. "ಅಜ್ಜಿ ಮಣ್ಣಿನ ಒಳಗೆ ಇದ್ದಾಳಲ್ಲ, ಅವಳೂ ಹೀಗೆ ಬರ್ತಾಳಾ?" ಅಂತ ಕೇಳಿದರೆ ಗಾಬರಿಯಾಗಬೇಡ. ಇಲ್ಲ ಪುತಾ, ಅಜ್ಜಿ ಸತ್ತು ಹೋಗಿದ್ದಾಳೆ, ವಾಪಸ್ ಬರುವುದಿಲ್ಲ, ದೇವರ ಹತ್ತಿರ ಇದ್ದಾಳೆ ಅಂತ ನೇರವಾಗಿ ಹೇಳು. ಮಲಗಿದ್ದಾಳೆ ಅಂತ ಮಾತ್ರ ಹೇಳಬೇಡ. ಹಾಗೆ ಹೇಳಿಸಿಕೊಂಡ ಮಕ್ಕಳು ರಾತ್ರಿ ನಿದ್ದೆ ಮಾಡಲು ಹೆದರಿದ್ದನ್ನು ಶಾಲೆಯಲ್ಲಿ ನೋಡಿದ್ದೇನೆ.

ಗೋದಲಿ ಚಿಕ್ಕದಾಗಿರಲಿ. ಅಂಗಡಿಯಲ್ಲಿ ಸಿಗುವ ಥರ್ಮಾಕೋಲಿನ ಅರಮನೆ ಬೇಡ. ಜಲಪಾತ, ಗಿರಗಿರ ತಿರುಗುವ ಗಾಳಿಯಂತ್ರ, ಇದೆಲ್ಲ ಸ್ಪರ್ಧೆಗೆ ಹೆಸರು ಕೊಟ್ಟವರಿಗೆ ಇರಲಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಗೋದಲಿ ಮಾಡಿದಾಗ ಅಲ್ಲಿದ್ದದ್ದು ಒಂದಿಷ್ಟು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಅಷ್ಟೇ. ಮಕ್ಕಳು ಇಟ್ಟ ಕುರಿ ಬೀಳಲಿ, ನೀನು ಹೋಗಿ ಸರಿ ಮಾಡಬೇಡ. ಬಾಲಯೇಸುವನ್ನು ಮಾತ್ರ 24ರ ರಾತ್ರಿ ಪೂಜೆಯಿಂದ ಬಂದ ಮೇಲೆ ಇಡಬೇಕು. ಅಲ್ಲಿಯ ತನಕ ಎಲ್ಲಿ ಬಚ್ಚಿಡುವುದು ಅಂತ ಮಕ್ಕಳೇ ನಿರ್ಧರಿಸಲಿ. ನಿಮ್ಮ ಅಮ್ಮ ಅಕ್ಕಿ ಡಬ್ಬದಲ್ಲಿ ಇಡುತ್ತಿದ್ದಳು.

ಮೂರು ರಾಯರನ್ನೂ ಒಮ್ಮೆಲೇ ತಂದು ನಿಲ್ಲಿಸಬೇಡ. ಟಿವಿ ಸ್ಟ್ಯಾಂಡಿನಿಂದ ಹೊರಡಲಿ, ದಿನಕ್ಕೆ ಒಂದು ಹೆಜ್ಜೆ. ಇದು ದೊಡ್ಡವಳ ಕೆಲಸ. ಬೈಬಲಿನ ಶುಭಸಂದೇಶದಲ್ಲಿ ಅವರು ಮೂವರು ಅಂತ ಎಲ್ಲೂ ಇಲ್ಲ ಗೊತ್ತಾ? ಮತ್ತಾಯನು ಹೇಳಿದ್ದು ಮೂರು ಕಾಣಿಕೆ, ಜನರ ಲೆಕ್ಕ ಕೊಟ್ಟಿಲ್ಲ. ಚಿನ್ನ, ಧೂಪ, ರಕ್ತಬೋಳ. ರಕ್ತಬೋಳ ಅಂದರೆ ಏನು ಅಂತ ನಾನು ಬಹಳ ವರ್ಷ ಯೋಚಿಸಿರಲೇ ಇಲ್ಲ. ಅದೊಂದು ಸುವಾಸನೆಯ ಅಂಟು, ಹೆಣಕ್ಕೆ ಬಳಿಯಲು ಬಳಸುತ್ತಿದ್ದರು. ಯೇಸುವಿನ ಶವವನ್ನು ಸಮಾಧಿಗೆ ಇಡುವಾಗಲೂ ಅದನ್ನೇ ತಂದರು ಅಂತ ಯೊವಾನ್ನನ ಶುಭಸಂದೇಶದಲ್ಲಿ ಇದೆ. ನೋಡು, ತೊಟ್ಟಿಲ ಪಕ್ಕದಲ್ಲೇ ಸಾವಿನ ಮನೆಯ ಸಾಮಾನು. ಹಾಗಿರುವಾಗ ಸಾವಾದ ಮನೆಯಲ್ಲಿ ಗೋದಲಿ ಇಡಬಾರದು ಅಂತ ನಿನಗೆ ಯಾರು ಹೇಳಿದರು?

ನಕ್ಷತ್ರ ಒಂದೇ ಸಾಕು. ಸೀರಿಯಲ್ ಲೈಟು, ಮಿನುಗುವ ಮಾಲೆ ಬೇಡ ಅನಿಸಿದರೆ ಬೇಡ. ಬಾಲ್ಕನಿಯಲ್ಲಿ ಒಂದು ನಕ್ಷತ್ರ ಉರಿದರೆ ಕೆಳಗಿನ ರಸ್ತೆಯಿಂದ ನಿಮ್ಮ ಮನೆ ಯಾವುದು ಅಂತ ಮಕ್ಕಳಿಗೆ ಕಾಣುತ್ತೆ.

ಕುಸ್ವಾರ್ ಮಾಡದಿದ್ದರೂ ಮನೆ ತುಂಬ ಕುಸ್ವಾರ್ ಇರುತ್ತೆ, ನೋಡ್ತಾ ಇರು. ಅಕ್ಕಪಕ್ಕದವರು, ನೆಂಟರು ತಂದು ಕೊಡುತ್ತಾರೆ. ಅದೂ ನಮ್ಮ ಪದ್ಧತಿಯೇ. ನಿನಗೆ ಸಂಕೋಚ ಜಾಸ್ತಿ, ಬಾಗಿಲಲ್ಲೇ "ಯಾಕೆ ಸುಮ್ನೆ ತೊಂದರೆ" ಅಂತ ಶುರು ಮಾಡಬೇಡ. ಇಷ್ಟು ವರ್ಷ ನಿಮ್ಮ ಮನೆಯಿಂದ ತಟ್ಟೆ ಹೋಗಿದೆ, ಈ ವರ್ಷ ಬರಲಿ. ಬಾಗಿಲು ತೆಗೆಯುವುದು, ತಟ್ಟೆ ತೆಗೆದುಕೊಳ್ಳುವುದು, ದೇವ್ ಬರೆಂ ಕರುಂ ಅನ್ನುವುದು ಮಕ್ಕಳ ಕೆಲಸ. ಭಟ್ಟರ ಮನೆಯಿಂದ ತಟ್ಟೆ ಬಂದರೆ ಧನ್ಯವಾದ ಅನ್ನಲಿ. ತಟ್ಟೆ ತೊಳೆದು ವಾಪಸ್ ಕೊಡುವಾಗ ಖಾಲಿ ಕೊಡಬಾರದು, ಎರಡು ಚಮಚ ಸಕ್ಕರೆ ಹಾಕಬೇಕು. ಭಟ್ಟರ ಮನೆಗೆ ಅಂತ ನಿನ್ನ ಅಮ್ಮ ಮೊಟ್ಟೆ ಸೋಕದ ನೆವ್ರಿ, ಗುಳಿಯೊ, ಚಕ್ಕುಲಿಯನ್ನು ಬೇರೆ ಡಬ್ಬದಲ್ಲಿ, ಬೇರೆ ಎಣ್ಣೆಯಲ್ಲಿ ಕರಿದು ಎತ್ತಿಡುತ್ತಿದ್ದದ್ದು ನಿನಗೆ ಗೊತ್ತಿತ್ತಾ? ಅವರು ಕೇಳಿದ್ದಲ್ಲ. ಇವಳೂ ಹೇಳಿದ್ದಲ್ಲ. ಒಂದು ಸಲ ನಾನು ತಪ್ಪಿ ಆ ಡಬ್ಬಕ್ಕೆ ಕೇಕಿನ ತುಂಡು ಹಾಕಿದ್ದಕ್ಕೆ ಇಡೀ ಡಬ್ಬ ಖಾಲಿ ಮಾಡಿಸಿದಳು.

ಇನ್ನೊಂದು ಮಾತು, ಸ್ವಲ್ಪ ಖಾರ ಇದೆ. ಪ್ರತಿ ಡಿಸೆಂಬರಿನಲ್ಲಿ ನಾಲ್ಕು ರಾತ್ರಿ ಅವಳು ಒಬ್ಬಳೇ ಒಲೆ ಮುಂದೆ ನಿಲ್ಲುತ್ತಿದ್ದಳು. ಕಿಡಿಯೊ ಒಂದೊಂದನ್ನೇ ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತುವುದು, ಐದು ಸೇರು ಹಿಟ್ಟು. ಕಾಲಿನ ನರ ಉಬ್ಬಿ ನೀಲಿಯಾಗಿರುತ್ತಿತ್ತು. ನೀವೆಲ್ಲ ಆಹಾ ಓಹೋ ಅಂತ ತಿಂದಿರಿ, ನಾನೂ ತಿಂದೆ. ಅವಳ ಹಾಗೆ ಮಾಡಬೇಕು ಅಂತ ನಿನ್ನ ಹೆಂಡತಿಯ ಮೇಲೆ ಮುಂದಿನ ವರ್ಷವೂ ಹೊರಿಸಬೇಡ. ಮಾಡುವುದಾದರೆ ಎರಡೇ ಬಗೆ ಮಾಡಿ, ನಾಲ್ಕು ಜನ ಕೂತು ಮಾಡಿ. ನೀನೂ ಆ ನಾಲ್ಕರಲ್ಲಿ ಒಬ್ಬ.

24ರ ಪೂಜೆಗೆ ಬೇಗ ಹೋಗು, ಚಿಕ್ಕವನಿಗೆ ಸ್ವೆಟರ್ ಮರೆಯಬೇಡ. ನಾವು ಮಕ್ಕಳಾಗಿದ್ದಾಗ ನಡುರಾತ್ರಿಯ ಪೂಜೆಗೆ ಗದ್ದೆ ಬದುವಿನಲ್ಲಿ ಉರಿಯುವ ಸೂಟೆ ಹಿಡಿದು ನಡೆಯುತ್ತಿದ್ದೆವು. ನಿನ್ನ ಅಮ್ಮ ಮುಂದೆ, ನಾನು ಅವಳ ಲಂಗದ ತುದಿ ಹಿಡಿದು ಹಿಂದೆ. ಈಗ ತುಂಬ ಕಡೆ ಸಂಜೆಯೇ ಪೂಜೆ, ಮಕ್ಕಳಿಗೆ ಇದೇ ಒಳ್ಳೆಯದು. ಪೂಜೆಯ ಹೊತ್ತಿಗೆ ನಿನಗೆ ಅಳು ಬರುತ್ತೆ, ಬಂದೇ ಬರುತ್ತೆ. ಹೊರಗೆ ಎದ್ದು ಹೋಗಬೇಡ. ಮಕ್ಕಳು ನೋಡಿದರೆ ನೋಡಲಿ. ಅಪ್ಪ ಅತ್ತ, ಆಮೇಲೆ ಮನೆಗೆ ಬಂದು ಬಾಲಯೇಸುವನ್ನು ಹುಲ್ಲಿನ ಮೇಲೆ ಇಟ್ಟ, ಅಂತ ಅವರಿಗೆ ನೆನಪಿರಲಿ. ಅವತ್ತು ತೆರ್ಸ್ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ನಿಮ್ಮಿಬ್ಬರ ಹತ್ತಿರ ಬೆಸಾಂವ್, ಆಶೀರ್ವಾದ, ಕೇಳಲಿ. ಅಜ್ಜಿ ಇಲ್ಲ ಅಂತ ಅದು ನಿಂತು ಹೋಗಿದೆ ಅಂತ ದೊಡ್ಡವಳು ನನಗೆ ಫೋನಿನಲ್ಲಿ ಹೇಳಿದಳು. ಈಗ ಕೊಡಬೇಕಾದವನು ನೀನು.

25ರ ಬೆಳಿಗ್ಗೆ ಸಿಮಿಸ್ತ್ರಿಗೆ ಹೋಗಿ. ನವೆಂಬರ್ 2ರಂದು, ಸತ್ತವರ ಸ್ಮರಣೆಯ ದಿನ, ಹೋದಾಗ ಜನಜಂಗುಳಿ ಇತ್ತು, ಮಕ್ಕಳಿಗೆ ಏನೂ ಕಾಣಲಿಲ್ಲ. ಈ ಸಲ ನೀವು ನಾಲ್ಕೇ ಜನ. ಒಂದು ಮೇಣದ ಬತ್ತಿ, ಒಂದು ಮೊಳ ಅಬ್ಬಲಿಗೆ. ಅಜ್ಜಿಗೆ ಹ್ಯಾಪಿ ಕ್ರಿಸ್‌ಮಸ್ ಅಂತ ಚಿಕ್ಕವನು ಗಟ್ಟಿಯಾಗಿ ಕೂಗಿದರೆ ಬಾಯಿ ಮುಚ್ಚಿಸಬೇಡ.

26ಕ್ಕೆ ಎಲ್ಲರೂ ಇಲ್ಲಿಗೆ ಬನ್ನಿ. ಸಾನ್ನಾಂ ಇಡ್ಲಿ ಮಾಡ್ತೇನೆ, ಹಿಟ್ಟು ಉಬ್ಬಲು ಶೇಂದಿ ಹೇಳಿ ಇಟ್ಟಿದ್ದೇನೆ. ಮಾಂಸದ ಬಫಾತಿಗೆ ಖಾರ ಕಡಿಮೆ ಹಾಕ್ತೇನೆ, ಮಕ್ಕಳಿಗೆ ಅಂತ. ಮಧ್ಯಾಹ್ನದ ಮೇಲೆ ನಮ್ಮ ಮಿಲಾಗ್ರಿಸ್ ಇಗರ್ಜಿಯ ಗೋದಲಿ ನೋಡಿ ಬರುವಾ.

ಬರುವಾಗ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಹೂವಿನ ಆಕಾರದ ಕೊಕ್ಕಿಸಾಂ ಕರಿಯುವ ಅಚ್ಚು ಇದೆ, ಅದನ್ನು ತಾ. ಉದ್ದ ಹಿಡಿಯ ಕಬ್ಬಿಣದ ಹೂವು, ನಮ್ಮ ಅಮ್ಮನದ್ದು, ಆಮೇಲೆ ಅಕ್ಕನದ್ದು. ಅಚ್ಚು ಕಾದಿರಬೇಕು, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು, ಅಂಚು ದಾಟಿ ಮುಳುಗಿಸಿದರೆ ಹೂವು ಬಿಡುವುದೇ ಇಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡು ಅದ್ದುತ್ತಿದ್ದಳು, ನನಗೆ ಇವತ್ತಿಗೂ ಹತ್ತರಲ್ಲಿ ನಾಲ್ಕು ಹಾಳು. ಈ ವರ್ಷ ಬಳಸುವುದು ಬೇಡ. ಆಟಿಯಿಂದ ಯಾರೂ ಮುಟ್ಟಿಲ್ಲ, ತುಕ್ಕು ಹಿಡಿದಿರುತ್ತೆ. ಮಕ್ಕಳ ಕೈಯಲ್ಲಿ ಒರೆಸಿಸಿ, ತೆಂಗಿನೆಣ್ಣೆ ಹಚ್ಚಿ, ಪೇಪರಿನಲ್ಲಿ ಸುತ್ತಿ ಇಡೋಣ.

ನಿನ್ನ
ಮಾವ್ಶಿ

ಬಾಲಯೇಸುವಿನ ಮುಕ್ಕಾದ ಕಿವಿಗೆ ಗಮ್ ಹಚ್ಚಲು ಹೋಗಬೇಡ.