ಬೋರ್ಡಿನಲ್ಲಿ ಒತ್ತಕ್ಷರಕ್ಕೂ ಜಾಗ ಬೇಕು

ಮಾನ್ಯ ಸಂಪಾದಕರೆ,

ಅಂಗಡಿ ಬೋರ್ಡುಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲೇ ಇರಬೇಕು ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಆಯಿತು. ತುಂಬಾ ಸಂತೋಷ. ಆದರೆ ಬೋರ್ಡ್ ಬರೆದೇ ಸಂಸಾರ ನಡೆಸಿದ ನನಗೆ ಆಮೇಲೆ ಬಂದ ಎಷ್ಟೋ ಬೋರ್ಡುಗಳನ್ನು ನೋಡಿದರೆ ಸಂಕಟ ಆಗುತ್ತದೆ. ಇಂಗ್ಲಿಷ್ ಅಕ್ಷರ ನೀಟಾಗಿ ಇರುತ್ತದೆ. ಕನ್ನಡವನ್ನು ಮಾತ್ರ ಕಂಪ್ಯೂಟರಿನಲ್ಲಿ ಅಡ್ಡಕ್ಕೆ ಎಳೆದು ಜಾಗ ತುಂಬಿಸಿರುತ್ತಾರೆ. ಗುಂಡಗಿದ್ದ 'ಠ' ತುಳಿದ ಡಬ್ಬಿಯ ಹಾಗೆ ಚಪ್ಪಟೆ ಆಗುತ್ತದೆ. ನಿಂತ ಗೆರೆ ದಪ್ಪ, ಮಲಗಿದ ಗೆರೆ ಸಣ್ಣ.

ಒತ್ತಕ್ಷರದ ಪಾಡಂತೂ ಕೇಳಲೇಬೇಡಿ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ನಮ್ಮವು ಕೆಳಗೂ ಇಳಿಯುತ್ತವೆ, ಅಲ್ವಾ? 'ಲಕ್ಷ್ಮೀ ಸ್ಟೋರ್ಸ್' ಅಂತ ಬರೆಯಬೇಕಾದರೆ ನಾನು ಮೊದಲು ಚಾಕ್ ಹಚ್ಚಿದ ದಾರ ಹೊಡೆದು ಎರಡು ಗೆರೆ ಹಾಕುತ್ತೇನೆ. ಅದರ ಕೆಳಗೆ ಒತ್ತಿಗೆ ಅಂತಲೇ ಇನ್ನೊಂದು. 'ಮ' ಒತ್ತು, 'ಟ' ಒತ್ತು ಎಲ್ಲಿ ಕೂರುತ್ತವೆ ಅಂತ ನೋಡಿಕೊಂಡೇ ಮೇಲಿನ ಅಕ್ಷರದ ಎತ್ತರ ತೀರ್ಮಾನ ಮಾಡೋದು. ಆಮೇಲೆ ಚಪ್ಪಟೆ ಬ್ರಷ್‌ನಲ್ಲಿ ಎನಾಮಲ್ ಬಣ್ಣ. ತಿರುವು ಬಂದಾಗ ಬ್ರಷ್ಷನ್ನು ಬೆರಳ ನಡುವೆ ಮೆಲ್ಲಗೆ ಉರುಳಿಸಬೇಕು. ಆಗಲೇ ಗೆರೆ ಮುರಿಯದೆ ಸುತ್ತಿಕೊಂಡು ಬರುತ್ತದೆ. ಶೇಡ್ ಕೊನೆಗೆ, ಅದೂ ಎಲ್ಲ ಅಕ್ಷರಕ್ಕೂ ಒಂದೇ ಕಡೆ.

ಫ್ಲೆಕ್ಸ್‌ನಲ್ಲಿ ಅದೇ ಒತ್ತು ಕೆಳಗಿನ ಫೋನ್ ನಂಬರ್ ಮೇಲೆ ಬಿದ್ದಿರುತ್ತದೆ. ಇಲ್ಲವೇ ಒಡೆದು 'ಲಕ್‌ಷ್‌ಮೀ' ಆಗಿರುತ್ತದೆ. ಕನ್ನಡ ಸರಿಯಾಗಿ ಕೂಡಿಸದ ಸಾಫ್ಟ್‌ವೇರ್‌ಗೆ ಅಂಟಿಸಿದರೆ ಹೀಗೇ ಆಗೋದು. ಡಿಟಿಪಿ ಹುಡುಗರನ್ನು ಬೈಯುವುದಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ನೋಡಿ. ಸುಮಾರು 1300 ವರ್ಷದ ಹಿಂದೆ ಬಂಡೆಯಲ್ಲಿ ಕೊರೆದದ್ದು. ಹಳೆಯ ಲಿಪಿ ಓದಲು ಬರದಿದ್ದರೂ ನಿಂತು ನೋಡಬೇಕು ಅನ್ನಿಸುತ್ತದೆ. ಎನಾಮಲ್ ಇದ್ದೂ, ಕಂಪ್ಯೂಟರ್ ಇದ್ದೂ ನಾವು ಅಕ್ಷರವನ್ನು ಹೀಗೆ ನಡೆಸಿಕೊಳ್ಳಬಾರದು.

ಪಾಲಿಕೆಯವರು ಟ್ರೇಡ್ ಲೈಸೆನ್ಸ್ ಕೊಡುವಾಗಲೇ ಅಂಗಡಿಯವರ ಕೈಗೆ ಒಂದು ಮಾದರಿ ಹಾಳೆ ಕೊಡಲಿ. ಅಕ್ಷರ ಎಳೆಯಬೇಡಿ, ಒತ್ತಿಗೆ ಜಾಗ ಬಿಡಿ, ಬರೆಯಿಸಿದ ಮೇಲೆ ಕನ್ನಡ ಬಲ್ಲವರಿಗೆ ತೋರಿಸಿ. ಅಷ್ಟಿದ್ದರೆ ಸಾಕು, ಜಾಸ್ತಿ ಖರ್ಚೇನೂ ಇಲ್ಲ. ನಮ್ಮೂರಲ್ಲೇ ದೃಶ್ಯಕಲಾ ಮಹಾವಿದ್ಯಾಲಯ ಇದೆ. ರಜೆಯಲ್ಲಿ ಅಲ್ಲೊಂದು ಶಿಬಿರ ಮಾಡಿ ಡಿಟಿಪಿ ಹುಡುಗರನ್ನೂ ಕೂರಿಸಲಿ. ಕಲಿಸಲು ಹಳೇ ಪೇಂಟರ್‌ಗಳು ಇನ್ನೂ ಇದ್ದೇವೆ. ಕರೆದರೆ ನಮ್ಮ ಬ್ರಷ್ ನಾವೇ ತರುತ್ತೇವೆ.

– ಒಬ್ಬ ಬೋರ್ಡ್ ಪೇಂಟರ್, ದಾವಣಗೆರೆ